ತೂಬು ಎತ್ತುವವರು ಯಾರು?

ಚಿತ್ರದುರ್ಗದ ಪಾಳೆಯಗಾರರಲ್ಲಿ ಕೆರೆ ಕಟ್ಟಿಸಿ ಹೆಸರಾದವನು 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕ. ಭರಮಸಾಗರಕ್ಕೆ ಹೆಸರು ಬಂದದ್ದು ಅವನಿಂದಲೇ. ಬಯಲುಸೀಮೆಯಲ್ಲಿ ಕೆರೆಗೆ ಏರಿ ಎಷ್ಟು ಮುಖ್ಯವೋ ತೂಬೂ ಅಷ್ಟೇ ಮುಖ್ಯ. ಅದನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಅವನು ಊರವನೇ, ತಪ್ಪಿದರೆ ನಿಲ್ಲಿಸಿ ಕೇಳಬಹುದಿತ್ತು.

ಇಲ್ಲಿನ ಬೆಳೆಯ ಬೆಲೆಗೂ ಒಂದು ತೂಬಿದೆ. ಅದರ ಹೆಸರು ಸುಂಕ.

ಇದೇ ಜಿಲ್ಲೆಯ ಚಳ್ಳಕೆರೆ ಶೇಂಗಾ ಗಾಣಗಳಿಂದ, ಮಿಲ್ಲುಗಳಿಂದ ‘ಎಣ್ಣೆ ನಗರಿ’ ಎನಿಸಿಕೊಂಡ ಊರು. 1986ರಲ್ಲಿ ಎಣ್ಣೆಕಾಳು ಮಿಷನ್ ಆರಂಭವಾದ ಕೆಲವೇ ವರ್ಷಗಳಲ್ಲಿ ದೇಶ ಅಡುಗೆ ಎಣ್ಣೆಯಲ್ಲಿ ಬಹುಪಾಲು ಸ್ವಾವಲಂಬಿಯಾಯಿತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು. ಆಗ ಶೇ. 65 ಇದ್ದ ಸುಂಕ 1998ರ ಹೊತ್ತಿಗೆ ಶೇ. 15ಕ್ಕೆ ಇಳಿಯಿತು. ಇಂದು ನಮ್ಮ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಶೇಂಗಾ ಸೊರಗಲು ಮಳೆಯೂ ರೋಗವೂ ಕಾರಣ, ನಿಜ. ಆದರೆ ಆ ಎರಡರ ಜೊತೆ ಅಗ್ಗದ ಎಣ್ಣೆಯನ್ನೂ ಒಬ್ಬ ಒಣಬೇಸಾಯಗಾರ ಎದುರಿಸಬೇಕಾಯಿತು.

ಹಾಗೆಂದು ಆಮದೇ ಬೇಡವೆನ್ನಲಾಗದು. ಅಗ್ಗದ ಎಣ್ಣೆಯಿಂದ ಕೂಲಿಯವರ ಮನೆಯ ಒಗ್ಗರಣೆಗೂ ಅನುಕೂಲವಾಯಿತು. ಅವರೂ ಇದೇ ಊರಿನ ಬಡವರು.

ಈಗ ಈರುಳ್ಳಿಯನ್ನು ನೋಡಿ. ಚಿತ್ರದುರ್ಗ ರಾಜ್ಯದ ಪ್ರಮುಖ ಈರುಳ್ಳಿ ಜಿಲ್ಲೆಗಳಲ್ಲೊಂದು. ಬೆಲೆ ಏರಿದಾಗ 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ರಫ್ತನ್ನು ನಿಷೇಧಿಸಿತು. 2023ರ ಆಗಸ್ಟಿನಲ್ಲಿ ಶೇ. 40 ರಫ್ತು ಸುಂಕ ಬಂತು, ಡಿಸೆಂಬರಿನಲ್ಲಿ ಮತ್ತೆ ನಿಷೇಧ. ಎಣ್ಣೆ ದುಬಾರಿಯಾದರೆ ಒಳಬರುವ ತೂಬು ತೆರೆಯುತ್ತದೆ. ಈರುಳ್ಳಿ ದುಬಾರಿಯಾದರೆ ಹೊರಹೋಗುವ ತೂಬು ಮುಚ್ಚುತ್ತದೆ. ಎರಡೂ ಸಲ ನಷ್ಟ ಬೆಳೆದವನದೇ. ಬೆಲೆ ನೆಲಕಚ್ಚಿ ಈರುಳ್ಳಿ ರಸ್ತೆಗೆ ಸುರಿದಾಗ ಮಾತ್ರ ಇಷ್ಟೇ ಅವಸರ ಕಾಣುವುದಿಲ್ಲ.

ಜಗತ್ತಿನ ಮಟ್ಟದಲ್ಲೂ ಇದೇ ಕತೆ. ಭರಮಸಾಗರದ ಎರೆಮಣ್ಣಿಗೆ ಪರಿಚಿತವಾದ ಹತ್ತಿಯನ್ನೇ ತೆಗೆದುಕೊಳ್ಳಿ. 2003ರಲ್ಲಿ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳು ಶ್ರೀಮಂತ ದೇಶಗಳ ಹತ್ತಿ ಸಬ್ಸಿಡಿ ನಿಲ್ಲಲಿ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಕೇಳಿಕೊಂಡವು. ಅಮೆರಿಕದ ವಿರುದ್ಧ ದಾವೆ ಹೂಡಿ ಗೆದ್ದ ಬ್ರೆಜಿಲ್‌ಗೆ 2014ರ ರಾಜಿಯಲ್ಲಿ 30 ಕೋಟಿ ಡಾಲರ್ ಸಿಕ್ಕಿತು. ಆ ನಾಲ್ಕು ಬಡ ದೇಶಗಳ ಬೆಳೆಗಾರರಿಗೆ ಅದರಲ್ಲಿ ಪಾಲಿರಲಿಲ್ಲ.

ನ್ಯಾಯದ ವ್ಯಾಪಾರವೆಂದರೆ ತೂಬು ಸದಾ ತೆರೆದಿರುವುದೂ ಅಲ್ಲ, ಸದಾ ಮುಚ್ಚಿರುವುದೂ ಅಲ್ಲ. ಯಾವ ಬೆಲೆಗೆ ಎಷ್ಟು ಸುಂಕ ಎಂಬುದು ಬಿತ್ತನೆಗೆ ಮುಂಚೆಯೇ ಗೊತ್ತಿರಬೇಕು, ಬೆಳೆ ಕೈಗೆ ಬಂದ ಮೇಲೆ ಬದಲಾಗಬಾರದು. ಕೂಲಿಯವನಿಗೆ ಅಗ್ಗದ ಎಣ್ಣೆ ಬೇಕಾದರೆ ಅದರ ವೆಚ್ಚವನ್ನು ಖಜಾನೆ ಹೊರಲಿ, ಪಕ್ಕದ ಹೊಲದವನ ತಲೆಗೆ ಕಟ್ಟುವುದು ಬೇಡ. ನೀರುಗಂಟಿಯನ್ನು ಕೇಳಿದಂತೆ ದೆಹಲಿಯನ್ನೂ ಜಿನೀವಾವನ್ನೂ ಕೇಳಲು ಭರಮಸಾಗರದ ರೈತನಿಗೆ ಒಂದು ದಾರಿ ಬೇಕು.