ಹಾರ್ನಿನ ಕಾಲದ ವಾಟ್ ಲೆಕ್ಕ

ಸೆಟ್ಟೂರು, ಕಲ್ಯಾಣದುರ್ಗದಿಂದ ಪಾವಗಡ, ಚಳ್ಳಕೆರೆಯವರೆಗಿನ ಗಡಿಸೀಮೆಯಲ್ಲಿ ಜಾತ್ರೆ, ಮದುವೆ, ಪೌರಾಣಿಕ ನಾಟಕಗಳ ದನಿಯನ್ನು ಊರಿಗೆಲ್ಲ ಮುಟ್ಟಿಸಿದ್ದು ಮೈಕ್ ಸೆಟ್. ಒಂದು ಆಂಪ್ಲಿಫೈಯರ್, ಮೈಕು, ಪ್ಲೇಟು ಹಾಕುವ ಪೆಟ್ಟಿಗೆ, ಗುಡಿಯ ಮೇಲೋ ಬೇವಿನ ಮರಕ್ಕೋ ಕಟ್ಟಿದ ಎರಡು ಹಾರ್ನು, ಸರಂಜಾಮು ಇಷ್ಟೇ. ಕರೆಂಟು ಬಾರದ ಹಳ್ಳಿಗಳಲ್ಲಿ ಇದೆಲ್ಲ ಬ್ಯಾಟರಿಯ ಮೇಲೆ ನಡೆಯಬೇಕಿತ್ತು. ವಾಲ್ವ್ ಆಂಪ್ಲಿಫೈಯರಿನಿಂದ ಸಿಗುತ್ತಿದ್ದುದು ಕೆಲವೇ ವಾಟ್.

ಅಷ್ಟು ಸಾಕಾದದ್ದು ಹಾರ್ನಿನ ಗುಣದಿಂದ. ಕ್ಯಾಲಿಫೋರ್ನಿಯಾದಲ್ಲಿ ಜೆನ್ಸೆನ್ ಮತ್ತು ಪ್ರಿಡಮ್ 1915ರಲ್ಲೇ ಹಾರ್ನ್ ಧ್ವನಿವರ್ಧಕವನ್ನು ರೂಪಿಸಿದ್ದರು. 1925ರಲ್ಲಿ ರೈಸ್ ಮತ್ತು ಕೆಲಾಗ್ ಕಾಗದದ ಕೋನಿನ ಸ್ಪೀಕರನ್ನು ವಿವರಿಸಿದರು; ಅದು ರೇಡಿಯೊದೊಳಗೆ ಸೇರಿತು, ಬಯಲಿಗೆ ಹಾರ್ನೇ ಉಳಿಯಿತು. ಸ್ಪೀಕರಿಗೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಎಂಬುದೇ ಅದರ ಸೂಕ್ಷ್ಮತೆ. ಒಳ್ಳೆಯ ಹಾರ್ನಿನದು 108 ಇರಬಹುದು, ಮನೆಯ ಪೆಟ್ಟಿಗೆ ಸ್ಪೀಕರಿನದು 90ರ ಆಸುಪಾಸು. ವಾಟ್ ಹತ್ತು ಪಟ್ಟಾದರೆ ಏರುವುದು 10 ಡೆಸಿಬಲ್ ಮಾತ್ರ. ಹಾಗಾಗಿ 10 ವಾಟಿನಲ್ಲಿ ಹಾರ್ನು ಕೊಡುವ 118 ಡೆಸಿಬಲ್‌ಗೆ ಆ ಪೆಟ್ಟಿಗೆ 600ಕ್ಕೂ ಹೆಚ್ಚು ವಾಟ್ ಕೇಳುತ್ತದೆ. ಹಾರ್ನಿನಲ್ಲಿ ತಬಲಾದ ಗುಮಕು ಸೊರಗುತ್ತಿತ್ತು ನಿಜ. ಆದರೆ ಪಾತ್ರಧಾರಿಯ ಮಾತು, ಹಾರ್ಮೋನಿಯಂ ಊರಾಚೆಯ ಹೊಲಕ್ಕೂ ತಲುಪುತ್ತಿದ್ದವು. ಬಡ ಸೀಮೆಗೆ ಇದಕ್ಕಿಂತ ಒಪ್ಪುವ ಯಂತ್ರ ಇನ್ನೊಂದಿರಲಿಲ್ಲ.

ಎರಡನೆಯ ಲೆಕ್ಕ ಓಮ್‌ನದು. ಮೈಕ್ ಸೆಟ್‌ನವರ ಕಸುಬುಗಾರಿಕೆ ಕಾಣುತ್ತಿದ್ದುದು ಇಲ್ಲೇ. ಆಂಪ್ಲಿಫೈಯರಿನ ಹಿಂಬದಿಯಲ್ಲಿ 4, 8, 16 ಓಮ್ ಮತ್ತು 100 ವೋಲ್ಟ್ ಎಂಬ ತಿರುಪುಗಳು. 16 ಓಮ್‌ನ ಒಂದೇ ಹಾರ್ನಾದರೆ ತಂತಿ 16ಕ್ಕೆ, ಅಂಥ ಎರಡನ್ನು ಸಮಾಂತರವಾಗಿ ಕೊಟ್ಟರೆ 8ಕ್ಕೆ, ನಾಲ್ಕಾದರೆ 4ಕ್ಕೆ. ಹಾರ್ನಿನ ತಂತಿ ಕಳಚಿಕೊಂಡಾಗ ವಾಲ್ವ್ ಸೆಟ್ ಜೋರಾಗಿ ಓಡಿದರೆ ವೋಲ್ಟೇಜ್ ಏರಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಭಯ. ಟ್ರಾನ್ಸಿಸ್ಟರ್ ಬಂದ ಮೇಲೆ ಭಯ ತಿರುಗಿತು: ಓಮ್ ತೀರ ಇಳಿದರೆ, ತಂತಿಗೆ ತಂತಿ ತಾಗಿದರೆ, ಟ್ರಾನ್ಸಿಸ್ಟರೇ ಹೋಗುತ್ತಿತ್ತು.

ದೂರವೂ ವಾಟ್ ತಿನ್ನುತ್ತದೆ. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 200 ಮೀಟರ್ ಎಳೆದರೆ ಹೋಗಿಬರುವ ದಾರಿಯ ಪ್ರತಿರೋಧವೇ ಸುಮಾರು 14 ಓಮ್. 16 ಓಮ್‌ನ ಹಾರ್ನಿಗೆ ಹೊರಟ ಶಕ್ತಿಯಲ್ಲಿ ಅರ್ಧದಷ್ಟು ತಂತಿಯ ಬಿಸಿಗೇ ಹೋಯಿತು. 100 ವೋಲ್ಟ್ ಲೈನು ಇದಕ್ಕೆ ಮದ್ದು. ಹಾರ್ನಿನ ಬಳಿ ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟರೆ 15 ವಾಟಿನ ಹಾರ್ನು ಲೈನಿಗೆ 667 ಓಮ್ ಆಗಿ ಕಾಣುತ್ತದೆ. ಅದರ ಮುಂದೆ 14 ಓಮ್ ಲೆಕ್ಕಕ್ಕಿಲ್ಲ.

ಕರೆಂಟು, ಜನರೇಟರ್ ಸುಲಭವಾದಂತೆ ಸಾವಿರಾರು ವಾಟಿನ ಡಿಜೆ ಪೆಟ್ಟಿಗೆಗಳು ಮೆರವಣಿಗೆಗೆ ಬಂದವು. ಗುಮಕು ಬೇಕೆಂದವರು ವಾಟಿನಲ್ಲಿ ಬೆಲೆ ತೆತ್ತರು. ಗಡಿಯ ಎರಡೂ ಬದಿಗೆ ಅನ್ವಯಿಸುವ 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಹಗಲಿನಲ್ಲೂ ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಸದ್ದು ಸುತ್ತಲಿನದಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ. ದೂರ ಇಮ್ಮಡಿಯಾದಾಗ 6 ಡೆಸಿಬಲ್ ಇಳಿಯುವ ತೆರೆದ ಬಯಲಲ್ಲಿ, 10 ವಾಟಿನ ಅದೇ ಹಾರ್ನಿನ ಸದ್ದು 75ಕ್ಕೆ ಇಳಿಯಲು ಸುಮಾರು 140 ಮೀಟರ್ ಬೇಕು. 1 ವಾಟಿಗೆ ಇಳಿಸಿದರೆ 45 ಮೀಟರ್ ಸಾಕು.