ಕಾವಸ್ಜಿಯ ಮೂಗು, ಮೊಮ್ಮಗನ ನೆತ್ತಿ

ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಗೆ ಹೋದ ತಿಂಗಳು ನನ್ನ ಅಕ್ಕನ ಮೊಮ್ಮಗ ಬಂದಿದ್ದ. ವಯಸ್ಸು ಮೂವತ್ತೊಂದು, ನೆತ್ತಿ ಆಗಲೇ ಬರಿದಾಗಿದೆ. ನಾಲ್ಕು ತಿಂಗಳಿಗೆ ಮದುವೆ. ಕೂದಲು ನಾಟಿ ಮಾಡುವ ಮೂರು ಚಿಕಿತ್ಸಾಲಯಗಳ ಬಣ್ಣದ ಕರಪತ್ರಗಳನ್ನು ಮೇಜಿನ ಮೇಲೆ ಹರಡಿ, "ತಾತ, ಒಂದೇ ದಿನಕ್ಕೆ ಐದು ಸಾವಿರ ಬೇರು ನೆಡುತ್ತಾರಂತೆ. ಇವರಲ್ಲಿ ಯಾರ ಹತ್ತಿರ ಹೋಗಲಿ, ನೀವೇ ಹೇಳಿ" ಎಂದ. ಹಳಗನ್ನಡ ಪಾಠ ಹೇಳಿದ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು? ಆದರೆ ಹುಡುಗ ನಂಬಿ ಕೇಳಿದ್ದ. ನನಗೆ ಗೊತ್ತಿದ್ದದ್ದು ಒಂದು ಹಳೆಯ ಕಥೆ, ಅದನ್ನೇ ಹೇಳಿದೆ.

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆಯೇ ಬಾಳಿದ. ಕೊನೆಗೆ ಅವನಿಗೆ ಹೊಸ ಮೂಗು ಮಾಡಿಕೊಟ್ಟವನು ಪುಣೆಯ ಹತ್ತಿರದ, ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬ ಕುಶಲಿ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅದರ ಅಳತೆಗೆ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಕಡಿಯದೆ ಉಳಿಸಿಕೊಂಡು ಕೆಳಕ್ಕೆ ತಿರುಗಿಸಿ ಕೂಡಿಸಿದ. ಮುಂಬಯಿಯ ಇಬ್ಬರು ಆಂಗ್ಲ ವೈದ್ಯರು ಇದನ್ನು ಕಣ್ಣಾರೆ ಕಂಡರು. ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್' 1794ರ ಅಕ್ಟೋಬರಿನಲ್ಲಿ ಈ ವೃತ್ತಾಂತವನ್ನು ಅಚ್ಚು ಹಾಕಿತು. ಅದನ್ನು ಓದಿ ಪ್ರೇರಿತನಾದ ಜೋಸೆಫ್ ಕಾರ್‌ಪ್ಯೂ 1814ರಲ್ಲಿ ಅದೇ ವಿಧಾನದಿಂದ ಲಂಡನ್ನಿನಲ್ಲಿ ಮೂಗು ಕಟ್ಟಿದ. ಅದಕ್ಕೆ ಮೊದಲು ಶವಗಳ ಮೇಲೆ ಕೈ ಪಳಗಿಸಿಕೊಂಡಿದ್ದ. ಪುಣೆಯ ಆ ಕುಶಲಿಯ ಹೆಸರನ್ನು ಮಾತ್ರ ಪತ್ರಿಕೆ ಬರೆಯಲಿಲ್ಲ. ಗಾಡಿ ಹೊಡೆದವನ ಹೆಸರು ಉಳಿಯಿತು, ಕೈಚಳಕ ತೋರಿದವನದು ಅಳಿಯಿತು!

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಪತ್ರಿಕೆಯೊಡನೆ ಬಂದ ಕಾವಸ್ಜಿಯ ಚಿತ್ರವನ್ನು ಬರೆದದ್ದು ಶಸ್ತ್ರಕ್ರಿಯೆಯಾದ ಮರುದಿನವಲ್ಲ, ಹತ್ತು ತಿಂಗಳು ಕಳೆದ ಮೇಲೆ.

ಮೊಮ್ಮಗನ ಕರಪತ್ರಗಳಲ್ಲಿಯೂ ಚಿತ್ರಗಳಿದ್ದುವು. ಎಷ್ಟು ತಿಂಗಳ ಮೇಲೆ ತೆಗೆದವೆಂದು ಒಂದರಲ್ಲಿಯೂ ಇರಲಿಲ್ಲ. ನಾಟಿಯಾದ ಕೂದಲು ಕೆಲವು ವಾರಗಳಲ್ಲಿ ಉದುರಿ, ತಿಂಗಳುಗಳ ಮೇಲೆ ಮತ್ತೆ ಚಿಗುರುತ್ತದೆ. ನಿಜವಾದ ಫಲ ತಿಳಿಯಲು ಹೆಚ್ಚು ಕಡಮೆ ಒಂದು ವರ್ಷ ಬೇಕು. ಮದುವೆಯ ಮುಹೂರ್ತಕ್ಕೆ ಅದು ಒದಗುವುದಿಲ್ಲವೆಂದಾಗ ಹುಡುಗನ ಮುಖ ಸಪ್ಪೆಯಾಯಿತು.

ಈ ವಿದ್ಯೆಗೆ ವಯಸ್ಸು ಹೆಚ್ಚಿಲ್ಲ. ಜಪಾನಿನ ಒಕುಡಾ 1939ರಲ್ಲಿ ಇದನ್ನು ಕುರಿತು ಬರೆದ. ನ್ಯೂಯಾರ್ಕಿನ ಓರೆಂಟ್ರೈಕ್ 1952ರಲ್ಲಿ ಬೊಕ್ಕತಲೆಗೆ ಪ್ರಯೋಗಿಸಿದ. ಹಿಂದಲೆಯ ಕೂದಲು ನೆತ್ತಿಗೆ ಬಂದರೂ ತನ್ನ ಹುಟ್ಟುಗುಣವನ್ನು ಬಿಡದೆ ಬೆಳೆಯುತ್ತದೆಂಬುದು ಅವನು ಕಂಡುಕೊಂಡ ತತ್ತ್ವ. ನಮ್ಮ ಕಡೆಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂದಲೆಯೇ ಒಟ್ಲುಮಡಿ, ನೆತ್ತಿಯೇ ಗದ್ದೆ. ಆದರೆ ಈ ಮಡಿಗೆ ಎರಡನೆಯ ಬಿತ್ತನೆಯಿಲ್ಲ. ಕಿತ್ತ ಬೇರು ಅಲ್ಲಿ ಮತ್ತೆ ಹುಟ್ಟದು. ಮೂವತ್ತೊಂದಕ್ಕೇ ಎಲ್ಲವನ್ನೂ ಕಿತ್ತು ನೆಟ್ಟರೆ, ಐವತ್ತರಲ್ಲಿ ಇನ್ನಷ್ಟು ಬೋಳಾಗುವ ತಲೆಗೆ ಪೈರೆಲ್ಲಿ? ಐದು ಸಾವಿರವೆಂದು ಹುರಿದುಂಬಿಸುವವನಿಗಿಂತ, ಇಷ್ಟು ಸಾಕು ಎನ್ನುವ ವೈದ್ಯನ ಕಡೆಗೇ ನನ್ನ ಒಲವು. 2019ರಲ್ಲಿ ಮುಂಬಯಿಯ ಉದ್ಯಮಿಯೊಬ್ಬರು ಒಂದೇ ಸಲಕ್ಕೆ ಒಂಬತ್ತು ಸಾವಿರಕ್ಕೂ ಮೀರಿ ಬೇರು ನೆಡಿಸಿಕೊಂಡು, ಎರಡು ದಿನಗಳಲ್ಲೇ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಸುಶ್ರುತಸಂಹಿತೆ ಶಿಷ್ಯನಿಗೆ ಮೊದಲು ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನೂ, ಕೂದಲುಳ್ಳ ತೊಗಲಿನ ಮೇಲೆ ಹೆರೆಯುವುದನ್ನೂ ಕಲಿಸುತ್ತದೆ. ಶಾಸ್ತ್ರ ಓದಿ, ಕೆಲಸ ಕಂಡು, ಕೈಯಾರೆ ಮಾಡಿ, ರಾಜನ ಅಪ್ಪಣೆ ಪಡೆದವನೇ ವೃತ್ತಿಗೆ ಇಳಿಯಬೇಕು. ಆ ಅಪ್ಪಣೆ ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾತಿನಲ್ಲಿದೆ: ಈ ಕೆಲಸಕ್ಕೆ ಶಸ್ತ್ರಕ್ರಿಯೆಯಲ್ಲಿ ಕ್ರಮಬದ್ಧ ತರಬೇತಿ ಬೇಕು, ಕಾರ್ಯಾಗಾರದಲ್ಲಿ ಕುಳಿತೋ ಚಲನಚಿತ್ರ ನೋಡಿಯೋ ಕಲಿತರೆ ಸಾಲದು ಎಂದು ಅದು 2022ರಲ್ಲಿ ಹೇಳಿತು. ಕರಪತ್ರಗಳಲ್ಲಿ ಕಟ್ಟಡದ ಅಂದವಿತ್ತು, ಕಂತಿನ ಲೆಕ್ಕವಿತ್ತು. ಬೇರು ಕೀಳುವ, ಗುಳಿ ತೋಡುವ ಕೈ ಯಾರದೆಂಬುದು ಮೂರರಲ್ಲಿ ಒಂದರಲ್ಲಿಯೂ ಇರಲಿಲ್ಲ.

"ಇದನ್ನು ಕೇಳಿ ಬಾ. ವರ್ಷದ ಹಿಂದೆ ಅವರಲ್ಲಿ ನೆಡಿಸಿಕೊಂಡ ಒಬ್ಬರ ತಲೆಯನ್ನೂ ಹಗಲು ಬೆಳಕಿನಲ್ಲಿ ನೋಡಿ ಬಾ" ಎಂದು ಕಳುಹಿಸಿದೆ. ಒಂದು ವಾರದ ಮೇಲೆ ದೂರವಾಣಿಯಲ್ಲಿ ಮಾತನಾಡಿದ. ಇಬ್ಬರು ಪ್ರಶ್ನೆಯನ್ನೇ ತೇಲಿಸಿದರಂತೆ. ಮೂರನೆಯವರು, "ಎರಡು ಸಾವಿರದ ಮೇಲೆ ಈಗ ಬೇಡ, ಮದುವೆ ಮುಗಿಸಿ ಬನ್ನಿ" ಎಂದರಂತೆ.

"ಹುಡುಗಿಗೆ ಹೇಳಿದೆಯಾ?" ಎಂದೆ.

"ಹೇಳಿದೆ ತಾತ. ನಕ್ಕುಬಿಟ್ಟಳು. ಪೇಟ ಹೇಗೂ ಇರುತ್ತದಲ್ಲ ಎಂದಳು."