ವೆರಾ ಮೆನ್ಚಿಕ್ ಕ್ಲಬ್ಬಿನ ಸದಸ್ಯರು

1929ರಲ್ಲಿ ಚೆಕೊಸ್ಲೊವಾಕಿಯಾದ ಕಾರ್ಲ್ಸ್‌ಬಾಡ್ ಎಂಬ ಊರಿನಲ್ಲಿ ಒಂದು ದೊಡ್ಡ ಚೆಸ್ ಪಂದ್ಯಾವಳಿ ನಡೆಯಿತು. ಆಡಿದವರು ಇಪ್ಪತ್ತೆರಡು ಜನ. ಇಪ್ಪತ್ತೊಂದು ಗಂಡಸರು, ಒಬ್ಬಳು ಹೆಂಗಸು. ಅವಳು ವೆರಾ ಮೆನ್ಚಿಕ್. ಹುಟ್ಟಿದ್ದು ಮಾಸ್ಕೋದಲ್ಲಿ, ನೆಲೆಸಿದ್ದು ಇಂಗ್ಲೆಂಡಿನಲ್ಲಿ. 1927ರಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದವಳು. ಗಂಡಸರ ಸಾಲಿನಲ್ಲಿ ಅವಳ ಹೆಸರು ಕಂಡ ವಿಯೆನ್ನಾದ ಆಲ್ಬರ್ಟ್ ಬೆಕರ್‌ಗೆ ನಗು ಬಂತು. ಅವಳಿಗೆ ಸೋತವರನ್ನೆಲ್ಲ 'ವೆರಾ ಮೆನ್ಚಿಕ್ ಕ್ಲಬ್ಬಿಗೆ' ಸದಸ್ಯರನ್ನಾಗಿ ಸೇರಿಸಿಬಿಡೋಣ ಎಂದು ಚಟಾಕಿ ಹಾರಿಸಿದ. ಆ ಕ್ಲಬ್ಬಿನ ಮೊದಲ ಸದಸ್ಯ ಅವನೇ ಆದ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆ ಪಂದ್ಯಾವಳಿಯಲ್ಲಿ ಮೆನ್ಚಿಕ್‌ಗೆ ಸಿಕ್ಕಿದ್ದು 21 ಆಟಗಳಲ್ಲಿ 3 ಅಂಕ, ಕೊನೆಯ ಸ್ಥಾನ. ನನಗೆ ಇದು ಹೆಚ್ಚು ಮುಖ್ಯ ಅನ್ನಿಸುತ್ತದೆ. ಕೊನೆಯವಳಾಗಿಯೂ ಅವಳು ಮತ್ತೆ ಮತ್ತೆ ಗಂಡಸರ ಪಂದ್ಯಾವಳಿಗಳಿಗೇ ಹೋದಳು. ಹೇಸ್ಟಿಂಗ್ಸ್‌ನಲ್ಲಿ ಮ್ಯಾಕ್ಸ್ ಯೂವೆ ಎಂಬ ಡಚ್ ಗಣಿತ ಮೇಷ್ಟ್ರನ್ನು ಎರಡು ವರ್ಷ ಸಾಲಾಗಿ ಸೋಲಿಸಿದಳು. 1935ರಲ್ಲಿ ಅದೇ ಯೂವೆ ವಿಶ್ವ ಚಾಂಪಿಯನ್ ಆದ. ಮೆನ್ಚಿಕ್ ಮಾತ್ರ 1944ರ ಜೂನ್‌ನಲ್ಲಿ, ಲಂಡನ್ನಿನ ಮನೆಯ ಮೇಲೆ ಜರ್ಮನ್ನರ ಹಾರುವ ಬಾಂಬು ಬಿದ್ದು, ತಾಯಿ ಮತ್ತು ತಂಗಿಯ ಜೊತೆ ಸತ್ತುಹೋದಳು. ಆಗಲೂ ಮಹಿಳಾ ಚಾಂಪಿಯನ್ ಅವಳೇ.

ಯೂವೆಯ ಹೆಸರು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

'ಹೆಣ್ಣುಮಕ್ಕಳಿಗೆ ಪೈಪೋಟಿ ಅಂದ್ರ ಅಷ್ಟಕ್ಕಷ್ಟ ಬಿಡ್ರಿ' ಎಂಬ ಮಾತನ್ನು ನಾನು ಆಫೀಸಿನಲ್ಲೂ ಕೇಳಿದ್ದೇನೆ, ನವಿ ಮುಂಬಯಿಯ ನಮ್ಮ ಕನ್ನಡ ಬಳಗದಲ್ಲೂ ಕೇಳಿದ್ದೇನೆ. ರಾಜ್ಯೋತ್ಸವದ ಕ್ರೀಡಾಕೂಟದಲ್ಲಿ ಗಂಡಸರಿಗೆ ಕ್ರಿಕೆಟ್, ಕೇರಂ, ಚೆಸ್. ಹೆಂಗಸರಿಗೆ ರಂಗೋಲಿ, ಮ್ಯೂಸಿಕಲ್ ಚೇರ್, ನಿಂಬೆಹಣ್ಣು-ಚಮಚದ ಓಟ. ಹೀಗೆ ಪಟ್ಟಿ ಮಾಡಿದವರೇ ಆಮೇಲೆ ಹೆಂಗಸರಿಗೆ ಚೆಸ್ಸಿನಲ್ಲಿ ಆಸಕ್ತಿಯಿಲ್ಲ ಎಂದು ತೀರ್ಪು ಕೊಡುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರನಾಗಿ ನನ್ನ ಕೆಲಸವೇ ಇಂಥ ತೀರ್ಪುಗಳ ಹಿಂದಿನ ಡೇಟಾ ಕೇಳುವುದು. ಹಾಗೆ ಕೇಳುತ್ತಾ ಹೋದಾಗ ಮುಂಬಯಿಯ ಗಿರಗಾಂವ್‌ನ ಒಂದು ಮನೆ ಎದುರಾಯಿತು.

ಮರಾಠಿಯ 'ನವಾಕಾಳ' ಪತ್ರಿಕೆಯ ಸಂಪಾದಕ ನೀಲಕಂಠ ಖಾಡಿಲ್ಕರ್ ಅವರಿಗೆ ಮೂವರು ಹೆಣ್ಣುಮಕ್ಕಳು: ವಾಸಂತಿ, ಜಯಶ್ರೀ, ರೋಹಿಣಿ. ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಶಿಪ್ 1974ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಗೆದ್ದದ್ದು ವಾಸಂತಿ. ಮುಂದಿನ ವರ್ಷ ಜಯಶ್ರೀ. 1976ರಲ್ಲಿ ರೋಹಿಣಿ, ಹದಿಮೂರನೆಯ ವಯಸ್ಸಿನಲ್ಲಿ. ಮೊದಲ ಒಂದು ದಶಕ ಆ ಕಿರೀಟ ಹೆಚ್ಚುಕಡಿಮೆ ಅದೇ ಮನೆಯಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಹೊರಗಿನ ಸ್ಪರ್ಧೆಗಿಂತ ಊಟದ ಮನೆಯ ಸ್ಪರ್ಧೆಯೇ ಬಿರುಸಾಗಿದ್ದಿರಬೇಕು!

ಅದೇ 1976ರಲ್ಲಿ ರೋಹಿಣಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಿದಳು. ಅಲ್ಲಿ ಆಡಿದ ಮೊದಲ ಹೆಣ್ಣು ಅವಳು. ಗದ್ದಲವೆದ್ದಿತು. ಎಂಟನೆಯದೋ ಒಂಬತ್ತನೆಯದೋ ತರಗತಿಯ ವಯಸ್ಸಿನ ಹುಡುಗಿ ಎದುರಿಗೆ ಕೂತು ಆಡುತ್ತಾಳೆ ಎಂಬುದು ಹೈಕೋರ್ಟ್ ಮೆಟ್ಟಿಲೇರುವ ವಿಷಯವಾಯಿತು. ತೀರ್ಪು ಹುಡುಗಿಯ ಪರವಾಗಿ ಬಂತು. ವಿವಾದ ವಿಶ್ವ ಚೆಸ್ ಸಂಸ್ಥೆ ಫಿಡೆವರೆಗೂ ಹೋಯಿತು. ಆಗ ಫಿಡೆಯ ಅಧ್ಯಕ್ಷರು ಮ್ಯಾಕ್ಸ್ ಯೂವೆ. ಹೌದು, ಅವರೇ, ವೆರಾ ಮೆನ್ಚಿಕ್ ಕ್ಲಬ್ಬಿನ ಸದಸ್ಯರು! ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಾವಳಿಗಳಿಂದ ಮಹಿಳೆಯರನ್ನು ಹೊರಗಿಡುವಂತಿಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಹೇಸ್ಟಿಂಗ್ಸ್‌ನ ಆ ಎರಡು ಸೋಲುಗಳು ಆಗ ಅವರಿಗೆ ನೆನಪಾದವೆಂದು ನಂಬಲು ನನಗೆ ಇಷ್ಟ, ಪುರಾವೆಯಂತೂ ಇಲ್ಲ. ರೋಹಿಣಿ ಮುಂದೆ 1981ರಲ್ಲಿ ಹೈದರಾಬಾದಿನಲ್ಲಿ ಒಂದೂ ಆಟ ಸೋಲದೆ ಏಷ್ಯಾದ ಮಹಿಳಾ ಚಾಂಪಿಯನ್ ಆದರು.

ಬಾಗಿಲು ತೆರೆಯಿತು ಎಂದುಕೊಂಡರೆ, ಹತ್ತು ವರ್ಷದಲ್ಲಿ ಅದೇ ಫಿಡೆ ಇನ್ನೊಂದು ಕೆಲಸ ಮಾಡಿತು. ಹಂಗೆರಿಯ ಸೂಸನ್ ಪೋಲ್ಗಾರ್ ಹದಿನೈದನೆಯ ವಯಸ್ಸಿಗೇ, 1984ರಲ್ಲಿ, ಮಹಿಳೆಯರ ರೇಟಿಂಗ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದಳು. ಅವಳು ಹೆಚ್ಚಾಗಿ ಆಡುತ್ತಿದ್ದುದು ಗಂಡಸರ ಜೊತೆ. 1986ರ ಕೊನೆಗೆ ಫಿಡೆ ಎಲ್ಲ ಸಕ್ರಿಯ ಆಟಗಾರ್ತಿಯರ ರೇಟಿಂಗಿಗೆ 100 ಅಂಕ ಸೇರಿಸಿತು, ಸೂಸನ್ ಒಬ್ಬಳನ್ನು ಬಿಟ್ಟು. ಮಹಿಳೆಯರು ತಮ್ಮತಮ್ಮೊಳಗೇ ಆಡುವುದರಿಂದ ಅವರ ರೇಟಿಂಗ್ ಕಡಿಮೆ ಬಿದ್ದಿದೆ, ಸೂಸನ್‌ಗೆ ಆ ತೊಂದರೆ ಇಲ್ಲ ಎಂಬುದು ಸಮಜಾಯಿಷಿ. ಜನವರಿ 1987ರ ಪಟ್ಟಿಯಲ್ಲಿ ಅವಳು ಮೊದಲ ಸ್ಥಾನದಿಂದ ಕೆಳಗಿಳಿದಿದ್ದಳು. ಅಪ್ರೈಸಲ್ ಹೊತ್ತಿನಲ್ಲಿ ಇಡೀ ಟೀಮಿನ ರೇಟಿಂಗ್ ಏರಿಸಿ, ಕಷ್ಟದ ಕ್ಲೈಂಟನ್ನು ನಿಭಾಯಿಸಿದ ಒಬ್ಬಳನ್ನು ಮಾತ್ರ ಇದ್ದಲ್ಲೇ ಬಿಟ್ಟರೆ ಏನಾಗುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಿಲ್ಲ.

ಅವಳ ಕಿರಿಯ ತಂಗಿ ಜೂಡಿತ್ 1991ರಲ್ಲಿ ಹದಿನೈದನೆಯ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ ಬಾಬಿ ಫಿಷರ್‌ನ ದಾಖಲೆ ಮುರಿದಳು. 2002ರಲ್ಲಿ ಒಂದು ರ್‍ಯಾಪಿಡ್ ಆಟದಲ್ಲಿ ಕಾಸ್ಪರೋವ್‌ನನ್ನು ಸೋಲಿಸಿದಳು; ಒಂದು ಹಂತದಲ್ಲಿ ಜಗತ್ತಿನ ಎಂಟನೆಯ ಸ್ಥಾನಕ್ಕೆ ಏರಿದಳು. ಮಹಿಳಾ ವಿಶ್ವ ಕಿರೀಟಕ್ಕಾಗಿ ಒಮ್ಮೆಯೂ ಆಡಲಿಲ್ಲ. ಬೇಕಿರಲಿಲ್ಲ.

ಚೆಸ್ಸಿನಾಚೆಗೂ ಇಂಥವು ಇವೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಶೂಟಿಂಗ್ ಗಂಡು-ಹೆಣ್ಣು ಕೂಡಿ ಆಡುವ ಸ್ಪರ್ಧೆಯಾಗಿತ್ತು. ಚೀನಾದ ಝಾಂಗ್ ಶಾನ್ ಚಿನ್ನ ಗೆದ್ದಳು. 1996ರಲ್ಲಿ ಸ್ಕೀಟ್ ಗಂಡಸರಿಗಷ್ಟೇ ಮೀಸಲಾಯಿತು, ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆಯೂ ಇರಲಿಲ್ಲ. ಚಾಂಪಿಯನ್ ಮನೆಯಲ್ಲಿ ಕೂತಳು. ಮಹಿಳೆಯರ ಸ್ಕೀಟ್ ಬಂದದ್ದು 2000ದಲ್ಲಿ. ಇನ್ನು ಮೈಬಲದ ಪ್ರಶ್ನೆಯೇ ಇಲ್ಲದ ವಿಡಿಯೋ ಗೇಮಿಂಗ್ ನೋಡಿ. 2016ರಲ್ಲಿ ಕೊರಿಯಾದ ಗೆಗುರಿ ಎಂಬ ಹದಿಹರೆಯದ ಹುಡುಗಿ ಓವರ್‌ವಾಚ್ ಆಟದಲ್ಲಿ ಎಷ್ಟು ಕರಾರುವಾಕ್ಕಾಗಿ ಗುರಿಯಿಡುತ್ತಿದ್ದಳೆಂದರೆ, ಎದುರಾಳಿಗಳು ಅವಳು ಮೋಸದ ಸಾಫ್ಟ್‌ವೇರ್ ಬಳಸುತ್ತಾಳೆ ಎಂದು ದೂರಿದರು. ಅವಳು ಸ್ಟುಡಿಯೋದಲ್ಲಿ, ಕ್ಯಾಮೆರಾ ಮುಂದೆ ಕೂತು, ತನ್ನ ಕೈಗಳು ಕಾಣುವಂತೆ ಆಡಿ ತೋರಿಸಬೇಕಾಯಿತು. 2018ರಲ್ಲಿ ಓವರ್‌ವಾಚ್ ಲೀಗ್ ಸೇರಿದ ಮೊದಲ ಮಹಿಳೆ ಅವಳೇ. ಗೆದ್ದ ಗಂಡನ್ನು ಪ್ರತಿಭಾವಂತ ಎನ್ನುತ್ತಾರೆ, ಗೆದ್ದ ಹೆಣ್ಣಿನ ಮೌಸ್ ಪರೀಕ್ಷಿಸುತ್ತಾರೆ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಚೆಸ್ಸಿನ ಮೊದಲ ನೂರು ಹೆಸರುಗಳಲ್ಲಿ ಇವತ್ತು ಒಬ್ಬ ಮಹಿಳೆಯೂ ಇಲ್ಲ. 2007ರಲ್ಲಿ ನೀಡರ್ಲೆ ಮತ್ತು ವೆಸ್ಟರ್‌ಲುಂಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಪ್ರಕಟಿಸಿದ ಪ್ರಯೋಗವೊಂದಿದೆ. ಎರಡಂಕಿಯ ಸಂಖ್ಯೆಗಳನ್ನು ಕೂಡಿಸುವ ಲೆಕ್ಕ ಕೊಟ್ಟರು. ಗಂಡು ಹೆಣ್ಣು ಇಬ್ಬರ ಸಾಧನೆಯೂ ಸಮಾನವಾಗಿತ್ತು. ಆದರೆ ಸಂಭಾವನೆ ಹೇಗೆ ಬೇಕು ಎಂದಾಗ ಗಂಡಸರಲ್ಲಿ 73%, ಹೆಂಗಸರಲ್ಲಿ 35% ಜನ ಪೈಪೋಟಿಯ ದಾರಿ ಹಿಡಿದರು. ನಮ್ಮ ಕ್ರೀಡಾಕೂಟದ ಪಟ್ಟಿ ಮಾಡುವವರಿಗೆ ಇದು ಸಿಕ್ಕರೆ ಲ್ಯಾಮಿನೇಟ್ ಮಾಡಿಸಿಟ್ಟುಕೊಳ್ಳುತ್ತಾರೆ.

ಅವರು 2009ರ ಇನ್ನೊಂದನ್ನೂ ಓದಬೇಕು. ನೀಜಿ, ಲಿಯೊನಾರ್ಡ್ ಮತ್ತು ಲಿಸ್ಟ್ ಎಂಬವರು ತಾಂಜಾನಿಯಾದ ಮಸಾಯಿಗಳ ನಡುವೆಯೂ ನಮ್ಮ ಮೇಘಾಲಯದ ಖಾಸಿಗಳ ನಡುವೆಯೂ ಒಂದೇ ಆಟ ಆಡಿಸಿದರು: ಟೆನಿಸ್ ಚೆಂಡನ್ನು ಬಕೆಟ್ಟಿಗೆ ಎಸೆಯುವುದು. ಮಸಾಯಿಗಳಲ್ಲಿ ಪೈಪೋಟಿಗೆ ಒಪ್ಪಿದ್ದು ಗಂಡಸರಲ್ಲಿ 50%, ಹೆಂಗಸರಲ್ಲಿ 26%. ಆಸ್ತಿ ತಾಯಿಯಿಂದ ಮಗಳಿಗೆ ಹೋಗುವ ಖಾಸಿಗಳಲ್ಲಿ ಗಂಡಸರು 39%, ಹೆಂಗಸರು 54%. ಛಲ ಹುಟ್ಟುಗುಣವೇ ಆಗಿದ್ದರೆ ಶಿಲ್ಲಾಂಗ್ ಕಡೆ ಹೋದಾಗ ಅದು ಯಾಕೆ ತಲೆಕೆಳಗಾಗಬೇಕು? ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಇದೇ ಪ್ರಯೋಗ ಯಾರಾದರೂ ಮಾಡಿದರೆ ಚೆನ್ನ.

ನನಗೆ ಹೆಚ್ಚು ಕಾಡಿದ್ದು 2008ರ ಇಟಲಿಯ ಅಧ್ಯಯನ. ಸಮಬಲದ ಗಂಡು-ಹೆಣ್ಣು ಜೋಡಿಗಳನ್ನು ಇಂಟರ್ನೆಟ್ಟಿನಲ್ಲಿ ಚೆಸ್ ಆಡಿಸಿದರು. ಎದುರಿಗಿರುವವನು ಗಂಡು ಎಂದು ತಿಳಿಸಿದಾಗ ಮಹಿಳೆಯರ ಆಟ ಗಣನೀಯವಾಗಿ ಕುಸಿಯಿತು. ಅದೇ ಗಂಡನ್ನು ಹೆಣ್ಣು ಎಂದು ನಂಬಿಸಿದಾಗ ಸರಿಸಮನಾಗಿ ಆಡಿದರು. ಪಟದ ಮೇಲೆ ಎರಡೂ ಸಲ ಅವೇ ಕಾಯಿಗಳು.

ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳ ಟೂರ್ನಮೆಂಟ್ ಫಾರಂ ತುಂಬುವಾಗಲೆಲ್ಲ 'ಓಪನ್' ಮತ್ತು 'ಗರ್ಲ್ಸ್' ಎಂಬ ಎರಡು ಚೌಕಗಳ ಮುಂದೆ ಮೌಸ್ ನಿಲ್ಲುತ್ತದೆ. ಜಿಲ್ಲೆಯಿಂದ ರಾಜ್ಯಕ್ಕೆ ಆಯ್ಕೆಯಾಗಬೇಕಾದರೆ ಗರ್ಲ್ಸ್ ದಾರಿ ಹತ್ತಿರ ಎಂದು ಕೋಚ್ ಹೇಳುತ್ತಾರೆ, ಅವರ ಲೆಕ್ಕ ಸರಿಯಾಗಿದೆ. ಹಾವೇರಿಯ ಅಜ್ಜಿಯಿಂದ ಮಾತು ಕಲಿತ ಮಗಳ ವಾದ ಬೇರೆ: 'ಅಪ್ಪಾ, ಗರ್ಲ್ಸ್ ಒಳಗ ಮತ್ತ ಅವರ ಐದ್ ಮಂದಿ ಬರ್ತಾರ. ಅವರ ಓಪನಿಂಗ್ ಎಲ್ಲಾ ನಂಗ ಗೊತ್ತದ.' ಅವಳಿಗೆ ತಿಳಿಯದೆಯೇ ಒಂದು ದೊಡ್ಡ ವಿಷಯ ಹೇಳಿಬಿಟ್ಟಿದ್ದಳು. ಜರ್ಮನಿಯ 1,20,000ಕ್ಕೂ ಹೆಚ್ಚು ಆಟಗಾರರ ರೇಟಿಂಗ್ ಇಟ್ಟುಕೊಂಡು 2009ರಲ್ಲಿ ಬಿಲಾಲಿಚ್ ಮತ್ತು ಸಂಗಡಿಗರು ತೋರಿಸಿದ್ದೂ ಇದನ್ನೇ: ಅಲ್ಲಿ ಹದಿನಾರು ಗಂಡಸರಿಗೆ ಒಬ್ಬ ಹೆಂಗಸು. ತುದಿಯಲ್ಲಿರುವ ನೂರು ಗಂಡಸರಿಗೂ ನೂರು ಹೆಂಗಸರಿಗೂ ನಡುವಿನ ಅಂತರದಲ್ಲಿ 96% ಬರೀ ಈ ಸಂಖ್ಯೆಯ ವ್ಯತ್ಯಾಸದಿಂದಲೇ ಬಂದದ್ದು.

ನನ್ನ ಮನಸ್ಸು ಜೂಡಿತ್ ಕಡೆ. ಆದರೆ 2025ರ ಜುಲೈ ಅದಕ್ಕೂ ತೊಡಕು ತಂದಿಟ್ಟಿತು. ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್‌ನ ಫೈನಲ್‌ಗೆ ಬಂದವರು ಇಬ್ಬರೂ ಭಾರತೀಯರು. ಒಬ್ಬರು ಕೊನೇರು ಹಂಪಿ, 2002ರಲ್ಲಿ ಜೂಡಿತ್‌ಗಿಂತ ಮೂರು ತಿಂಗಳು ಚಿಕ್ಕ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದವರು. ಇನ್ನೊಬ್ಬಳು ನಾಗಪುರದ ಹತ್ತೊಂಬತ್ತರ ದಿವ್ಯಾ ದೇಶಮುಖ್. ಹಿಂದಿನ ವರ್ಷವಷ್ಟೇ, ಪ್ರೇಕ್ಷಕರು ತನ್ನ ಆಟ ಬಿಟ್ಟು ಬಟ್ಟೆ, ಕೂದಲು, ಉಚ್ಚಾರಣೆ ನೋಡುತ್ತಾರೆಂದು ಬಹಿರಂಗವಾಗಿ ಬೇಸರಪಟ್ಟಿದ್ದವಳು. ದಿವ್ಯಾ ಟೈಬ್ರೇಕ್‌ನಲ್ಲಿ ಗೆದ್ದಳು. ಅಲ್ಲಿಗೆ ಹೋಗುವಾಗ ಅವಳ ಕೈಯಲ್ಲಿ ಒಂದು ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಕೂಡ ಇರಲಿಲ್ಲ. ಆ ಒಂದು ಗೆಲುವಿನಿಂದ ನೇರವಾಗಿ ಗ್ರ್ಯಾಂಡ್‌ಮಾಸ್ಟರ್ ಆದಳು, ಮಹಿಳೆಯರಿಗಷ್ಟೇ ಇದ್ದ ಸ್ಪರ್ಧೆಯಿಂದ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಆಗಿರುವ ಒಪ್ಪಂದ ಇಷ್ಟು: ಆಯ್ಕೆ ಪಂದ್ಯಗಳಿಗೆ ಗರ್ಲ್ಸ್, ಭಾನುವಾರದ ರ್‍ಯಾಪಿಡ್‌ಗಳಿಗೆಲ್ಲ ಓಪನ್. ಹೋದ ವಾರ ಠಾಣೆಯಲ್ಲಿ ಒಂಬತ್ತು ಸುತ್ತಿನಲ್ಲಿ ಮೂರೂವರೆ ಅಂಕ ಬಂತು. ಅವಳಿಗೆ ಸೋತ ಹುಡುಗನೊಬ್ಬ ಕೈ ಕುಲುಕದೆ ಎದ್ದುಹೋದ, ಅವನ ಅಪ್ಪ ಮರಳಿ ಕರೆತಂದು ಕುಲುಕಿಸಿದರು.